ಪುಕ್ಕಟೆ ಕೂರದ ಆಯಿ

ಕಾರಿನ ವಿಮೆಯ ಕಾಗದಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ಕನ್ನಡ-ಮರಾಠಿ ಗಡಿಯ ಜತ್ತ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸಂಜೆ ಮನೆಗೆ ಬಂದು ಬೀಗ ತೆಗೆದು, ಒಬ್ಬಳಿಗೆ ಬೇಕಾದಷ್ಟು ರೊಟ್ಟಿ ಬಡಿದುಕೊಂಡು, ಪಾತ್ರೆ ತೊಳೆದಿಟ್ಟರೂ ಹೊರಗೆ ಇನ್ನೂ ಬೆಳಕು ಇರುತ್ತದೆ. ಟಿವಿಯಲ್ಲಿ ಮಂದಿ ಕಿರುಚಾಡುವುದನ್ನು ಕೇಳುವ ತಾಳ್ಮೆ ನನಗಿಲ್ಲ. ಹಾಗಾಗಿ ಮನೆಯಲ್ಲಿ ಅಚ್ಚಾದದ್ದು ಏನು ಸಿಕ್ಕರೂ ಓದುತ್ತೇನೆ. ಔಷಧಿ ಡಬ್ಬಿಯೊಳಗಿನ ಚೀಟಿ, ಮಿಕ್ಸರಿನ ಜೊತೆ ಬಂದ ಪುಸ್ತಕ, ಎಲ್ಲವೂ ಆಗಿವೆ. ವಿಮೆಯ ಕಾಗದಗಳು ಇಂಗ್ಲಿಷಿನಲ್ಲಿದ್ದವು, ಅಕ್ಷರ ಇರುವೆಯ ಸಾಲಿನಷ್ಟು ಸಣ್ಣವು. ಮಗ್ಗುಲಿಗೆ ನಿಘಂಟು ಇಟ್ಟುಕೊಂಡು ವಾರಗಟ್ಟಲೆ ಓದಿದೆ.

"ಸಹಿ ಮಾಡ್ರಿ ಬಾಯಾರ, ಇದರಾಗ ಓದೂದೇನೈತಿ" ಎಂದಿದ್ದ ನನ್ನ ಏಜೆಂಟ್. ಓದುವುದು ಬಹಳ ಇತ್ತು. ಕಾನೂನು ಕಡ್ಡಾಯ ಮಾಡಿರುವ ವಿಮೆ ನಮ್ಮಿಂದ ಪೆಟ್ಟಾದ ಬೇರೆಯವರಿಗೆ ಮಾತ್ರ, ನಮ್ಮ ಗಾಡಿ ನುಜ್ಜುಗುಜ್ಜಾದರೆ ಅದರಲ್ಲಿ ಕಿಲುಬು ಕಾಸೂ ಬರುವುದಿಲ್ಲ ಎಂಬುದು ಅಲ್ಲಿತ್ತು. ನಾನು ಎರಡೂ ಸೇರಿದ ಪೂರ್ತಿ ವಿಮೆಯನ್ನೇ ಮಾಡಿಸಿದ್ದೆ. ಯಾವ ಯಾವ ಸಂದರ್ಭದಲ್ಲಿ ಕೊಡುವುದಿಲ್ಲ ಎಂಬ ಪಟ್ಟಿ ಕೊನೆಯ ಕಡೆ ಅಡಗಿ ಕೂತಿತ್ತು. ಕುಡಿದು ಓಡಿಸಿದರೆ ಇಲ್ಲ, ಲೈಸೆನ್ಸ್ ಇಲ್ಲದವರು ಓಡಿಸಿದರೆ ಇಲ್ಲ. ಮನೆಬಳಕೆಯ ಕಾರಿನಲ್ಲಿ ಬಾಡಿಗೆ ಪಡೆದು ಮಂದಿಯನ್ನು ಕೂರಿಸಿದರೂ ಇಲ್ಲ. ನಮ್ಮ ಕಡೆ ಅರ್ಧಕ್ಕರ್ಧ ಗಾಡಿಗಳು ಈ ಕೊನೆಯ ಮಾತಿನಲ್ಲೇ ಸಿಕ್ಕಿಬೀಳುತ್ತವೆ ಎಂದು ನಕ್ಕಿದ್ದೆ. ನಾನೂ ಸಿಕ್ಕಿಬೀಳುತ್ತೇನೆ ಎಂದು ಆಗ ಹೇಗೆ ಗೊತ್ತಾಗಬೇಕು.

ನನ್ನ ಕೆಲಸ ಅಂಗನವಾಡಿಗಳ ಮೇಲ್ವಿಚಾರಣೆ. ಇವತ್ತು ಯಳವಿ, ನಾಳೆ ಕುಣಿಕೋಣೂರ, ನಾಡಿದ್ದು ದರಿಬಡಚಿ. ಬಸ್ಸು ನಂಬಿಕೊಂಡರೆ ಒಂದು ಊರು ಮುಗಿಸುವಷ್ಟರಲ್ಲಿ ದಿನ ಹೋಗುತ್ತಿತ್ತು. ಯಜಮಾನರು ಇದ್ದಾಗ ಅವರ ಬೈಕಿನ ಹಿಂದೆ ಕೂತು ಹೋಗುತ್ತಿದ್ದೆ. ಅವರು ಕಾಯಿಲೆ ಬಿದ್ದು ತೀರಿಕೊಂಡರು, ಮಕ್ಕಳಿರಲಿಲ್ಲ. ಐವತ್ತರ ಹತ್ತಿರಕ್ಕೆ ಬಂದ ಮೇಲೆ ಡ್ರೈವಿಂಗ್ ಕಲಿತು, ಒಬ್ಬರು ಬಳಸಿ ಬಿಟ್ಟಿದ್ದ ಸಣ್ಣ ಕಾರು ತೆಗೆದುಕೊಂಡೆ. "ಈ ವಯಸ್ಸಿನ್ಯಾಗ ಸ್ಟೇರಿಂಗ್ ಯಾಕ ಬೇಕ್ರಿ ವೈನಿ?" ಎಂದು ಮೈದುನ ಕೇಳಿದ. ನಿನ್ನ ವಯಸ್ಸಿನಲ್ಲಿ ಗುಟಕಾ ಯಾಕೆ ಬೇಕು ಎಂದು ನಾನು ಕೇಳಿದೆ. ಅಲ್ಲಿಗೆ ಮಾತು ಮುಗಿಯಿತು, ಅವನು ಬರುವುದೂ ಕಡಿಮೆಯಾಯಿತು.

ಕಾರು ಬಂದ ಮೇಲೆ ಕೆಲಸ ಹಗುರಾಯಿತು. ಒಂಟಿತನ ಮಾತ್ರ ಹೆಚ್ಚಾಯಿತು, ಇದನ್ನು ನಾನು ಲೆಕ್ಕ ಹಾಕಿರಲಿಲ್ಲ. ಬಸ್ಸಿನಲ್ಲಾದರೆ ಯಾರಾದರೂ ಮಗ್ಗುಲಿಗೆ ಕೂತು ತಮ್ಮ ಸೊಸೆಯನ್ನು ಬೈಯುತ್ತಿದ್ದರು. ಕಾರಿನಲ್ಲಿ ಗಾಜು ಏರಿಸಿಕೊಂಡು, ಎರಡೂ ಕಡೆ ಬರೀ ಜಾಲಿ ಮತ್ತು ಬಿಸಿಲು ನೋಡುತ್ತ ಹೋಗುವುದು. ರಸ್ತೆಯ ಗುಂಡಿಗಳನ್ನು ಬೈಯುವುದಕ್ಕಷ್ಟೇ ನನ್ನ ಬಾಯಿ ತೆರೆಯುತ್ತಿತ್ತು. ಎಷ್ಟೋ ದಿನ ಅಂಗನವಾಡಿಯಲ್ಲಿ ಲೆಕ್ಕ ಕೇಳಿದ ಮಾತು ಬಿಟ್ಟರೆ ಬೇರೆ ಮಾತೇ ಆಡಿರುತ್ತಿರಲಿಲ್ಲ.

ಆಯಿ ಸಿಕ್ಕಿದ್ದು ದರಿಬಡಚಿಯಿಂದ ಹೊರಗೆ ಬರುವ ದಾರಿಯಲ್ಲಿ, ಜತ್ತದ ಸಂತೆಯ ದಿನ. ಬೇವಿನ ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಕುರಿ ಕಾಯುವವರ ಮನೆಯ ಮುದುಕಿ, ಎತ್ತರದ ಆಳು, ಹಣೆಗೆ ಭಂಡಾರದ ಅರಿಸಿನ. ಕೈ ಮಾಡಿದಳು. ನಿಲ್ಲಿಸಿದೆ.

"ಜತ್ತಿಗೆ ಎಷ್ಟ ತಗೋತೀರಿ?"

"ಇದು ವಡಾಪ್ ಅಲ್ಲ ಆಯಿ. ಹತ್ರಿ." ವಡಾಪ್ ಎಂದರೆ ತಲೆಗಿಷ್ಟು ಎಂದು ತೆಗೆದುಕೊಂಡು ಮಂದಿ ತುಂಬಿಕೊಂಡು ಓಡುವ ಜೀಪು.

"ಹಂಗ ಹೆಂಗ ಹತ್ಲಿ? ಎಷ್ಟಂತ ಹೇಳ್ರಿ ಮೊದಲ."

"ಏನೂ ಇಲ್ಲ. ನಾ ಹೆಂಗೂ ಹೊಂಟೀನಿ."

"ಹಂಗಾದ್ರ ನಾ ಬರಂಗಿಲ್ರಿ" ಎಂದು ಆಕೆ ಮುಖವನ್ನೇ ಆ ಕಡೆ ತಿರುಗಿಸಿಬಿಟ್ಟಳು.

ನನಗೆ ಸಿಟ್ಟು ಬಂತು. ಉಪಕಾರ ಮಾಡಲು ಹೋದವಳಿಗೆ ಈ ಠೇಂಕಾರ ಬೇರೆ. ಗೇರು ಹಾಕಿ ಮುಂದೆ ಬಂದೆ. ಕನ್ನಡಿಯಲ್ಲಿ ನೋಡಿದರೆ ಅಷ್ಟು ದೊಡ್ಡ ಬಯಲಿನಲ್ಲಿ ಆಕೆ ಒಬ್ಬಳೇ ನಿಂತಿದ್ದಳು, ಕಾರಿನಲ್ಲಿ ನಾನೊಬ್ಬಳೇ ಕೂತಿದ್ದೆ. ಹಿಂದಕ್ಕೆ ಓಡಿಸುವುದು ನನಗೆ ಆಗಿನ್ನೂ ನೆಟ್ಟಗೆ ಬರುತ್ತಿರಲಿಲ್ಲ. ಅಡ್ಡಾದಿಡ್ಡಿಯಾಗಿ ರಿವರ್ಸ್ ಬಂದು ಮರದ ಹತ್ತಿರ ನಿಂತೆ.

"ಒಬ್ಬಾಕಿಗೇ ಓಡಸಾಕ ಬ್ಯಾಸರಾಗತೈತಿ ನನಗ. ಮಾತಾಡ್ಕೋತ ಬರ್ರಿ" ಎಂದೆ. ಇದನ್ನು ಒಪ್ಪಿಕೊಳ್ಳಬಹುದು ಎನ್ನಿಸಿತೇನೋ, ಹತ್ತಿದಳು.

ಬೆಲ್ಟು ಹಾಕುವಾಗ ಇನ್ನೊಂದು ರಗಳೆ. ನನ್ನ ಕಾರಿನಲ್ಲಿ ಬೆಲ್ಟು ಹಾಕದೆ ಚಕ್ರ ಉರುಳುವುದಿಲ್ಲ. "ಸಂತಿಗೆ ಮಾರಾಕ ಒಯ್ಯೂ ಹೋತಿನ್ನ ಕಟ್ಟಿದಂಗ ಕಟ್ಟೀರೆಲ್ರಿ" ಎಂದು ಬೈದುಕೊಂಡಳು. ನಾನು ನಿಧಾನ ಓಡಿಸುವುದು ಕಂಡು, ನಮ್ಮ ಕುರಿ ಇದಕ್ಕಿಂತ ಲಗೂನ ಮುಟ್ಟತಾವ ಎಂದಳು. ಜತ್ತದಲ್ಲಿ ಇಳಿಯುವಾಗ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ತೆಗೆದಳು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ.

"ರೊಕ್ಕ ತಗೊಂಡ್ರ ನನ್ನ ಗಾಡಿ ವಿಮಾ ಕೆಡತೈತಿ ಆಯಿ. ಕಾಗದದಾಗ ಬರದಾರ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಗಂಟು ಮತ್ತೆ ಕಟ್ಟಿದಳು. ಮುಂದಿನ ಸಂತೆಗೆ ಅದೇ ಮರದ ಕೆಳಗೆ ನಿಂತಿದ್ದಳು, ಕೈಯಲ್ಲಿ ತಂಬಿಗೆ ತುಂಬ ಮಜ್ಜಿಗೆ.

ದರಿಬಡಚಿಯ ಕೆಲಸವನ್ನೆಲ್ಲ ನಾನು ಸಂತೆಯ ದಿನಕ್ಕೇ ಇಟ್ಟುಕೊಳ್ಳತೊಡಗಿದೆ. ಆಯಿ ಒಮ್ಮೆ ಶೇಂಗಾ ತಂದಳು, ಒಮ್ಮೆ ಹಸಿ ಕಡಲೆಯ ಗಿಡಗಳ ಸಿವುಡು, ಒಮ್ಮೆ ಬಟ್ಟೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ್ದು. ಆ ರೊಟ್ಟಿಯನ್ನು ನಾನು ಮರುದಿನಕ್ಕೂ ಉಳಿಸಿಕೊಂಡು ತಿಂದೆ. ಬೇರೆಯವರ ಕೈಯಲ್ಲಿ ಬಡಿದ ರೊಟ್ಟಿ ತಿಂದು ಎಷ್ಟು ಕಾಲವಾಗಿತ್ತೋ. ನನಗಾಗಿ ಒಬ್ಬರು ಬೆಳಿಗ್ಗೆ ಎದ್ದು ಒಲೆಯ ಮುಂದೆ ಕೂತಿದ್ದರು.

"ಬಾಯಾರ" ಎನ್ನುತ್ತಿದ್ದವಳು ಯಾವಾಗಲೋ "ತಂಗಿ" ಎನ್ನತೊಡಗಿದಳು. ಗಂಡುಮಕ್ಕಳು ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆಯ ಊರುಗಳಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ, ಮನೆಯಲ್ಲಿ ಸೊಸೆ ಮತ್ತು ಮರಿಗಳು. ಕುರಿಯವರ ರೀತಿ ಹೇಳುತ್ತಿದ್ದಳು. ರೈತನ ಹೊಲದಲ್ಲಿ ಕುರಿ ತರುಬಿದರೆ, ಎಂದರೆ ಗೊಬ್ಬರಕ್ಕೆಂದು ರಾತ್ರಿ ಮಂದೆ ನಿಲ್ಲಿಸಿದರೆ, ಅವನು ಜೋಳ ಕೊಡಬೇಕು. ಅವನ ಬಾವಿಯ ನೀರು ಕುಡಿಸಿದರೆ ಇವರು ಒಂದು ತಂಬಿಗೆ ಹಾಲು ಕೊಟ್ಟೇ ಏಳಬೇಕು. "ಕೊಟ್ಟು ತಗೋಬೇಕ ತಂಗಿ. ಬರೇ ತಗೊಂಡ್ರ ಮತ್ತೊಮ್ಮಿ ಆ ಹೊಲದಾಗ ಕಾಲಿಡಾಕ ಮಾರಿ ಇರಂಗಿಲ್ಲ." ನಾನು ಹೂಂ ಹೂಂ ಎಂದು ಕೇಳುತ್ತ ಓಡಿಸುತ್ತಿದ್ದೆ. ನಾನೂ ಹೇಳುತ್ತಿದ್ದೆ. ಯಜಮಾನರ ಕೊನೆಯ ದಿನಗಳನ್ನು, ಇವತ್ತಿಗೂ ಕೈ ತಾನಾಗಿ ಎರಡು ತಾಟು ತೆಗೆಯುವುದನ್ನು ಆಕೆಯ ಮುಂದೆ ಬಿಟ್ಟರೆ ಬೇರೆ ಯಾರ ಮುಂದೆಯೂ ಹೇಳಿಲ್ಲ. ಎದುರು ರಸ್ತೆ ನೋಡುತ್ತ ಹೇಳುವುದು ಸುಲಭ.

ಅಪಘಾತವಾದದ್ದೂ ಸಂತೆಯ ದಿನವೇ. ಹಳ್ಳದ ಇಳಿಜಾರಿನಲ್ಲಿ ತಿರುವು. ಹೊಲದ ದಾರಿಯಿಂದ ಜೋಳದ ಕಣಿಕೆಯ ಹೊರೆ ಹೇರಿಕೊಂಡ ಬೈಕು ಒಮ್ಮೆಲೆ ರಸ್ತೆಗೆ ಬಂತು, ಸವಾರನಿಗೆ ಹೊರೆಯಿಂದಾಗಿ ನಾವು ಕಾಣಲೇ ಇಲ್ಲ. ಬ್ರೇಕ್ ಒತ್ತಿ ಎಡಕ್ಕೆ ಎಳೆದೆ. ಕಾರು ರಸ್ತೆ ಬಿಟ್ಟು ಇಳಿದು ಜಾಲಿ ಮರಕ್ಕೆ ಹೋಗಿ ಗುದ್ದಿತು. ಮುಂಭಾಗ ಒಳಗೆ ಹೋಯಿತು, ಹೊಗೆ ಬಂತು. ಬೈಕಿನವನಿಗೆ ಏನೂ ಆಗಲಿಲ್ಲ. ಆಯಿಯ ಭುಜದ ಮೇಲೆ ಬೆಲ್ಟಿನ ಬಾಸುಂಡೆ ಎದ್ದಿತು, ಮಣಿಕಟ್ಟು ಊದಿತು, ಅಷ್ಟೇ. ಬೆಲ್ಟು ಇರದಿದ್ದರೆ ಏನಾಗುತ್ತಿತ್ತೆಂದು ನಾನು ಬಿರುಕು ಬಿಟ್ಟ ಮುಂದಿನ ಗಾಜನ್ನು ನೋಡಿ ಊಹಿಸಿಕೊಂಡೆ.

ಸುತ್ತಲ ಹೊಲದವರು ಸೇರಿದರು. ಟ್ರ್ಯಾಕ್ಟರ್ ತಂದು ಎಳೆಯೋಣ, ಬೈಕಿನವನ ಹತ್ತಿರ ಇಲ್ಲೇ ತೀರಿಸಿಕೊಳ್ಳಿ ಎಂದರು. ಮೊದಲು ಫೋಟೊ ಆಗಬೇಕು, ಕಂಪನಿಗೆ ಫೋನ್ ಹೋಗಬೇಕು, ಅಲ್ಲಿಯತನಕ ಯಾರೂ ಮುಟ್ಟಬೇಡಿ ಎಂದು ನಾನು ಗಂಟಲು ಹರಿದುಕೊಂಡೆ. ಬಾಯಾರಿಗೆ ತಲೆಗೆ ಪೆಟ್ಟು ಬಿದ್ದಿರಬೇಕು ಎಂದು ಒಬ್ಬ ಅಂದದ್ದು ಕೇಳಿಸಿತು. ಕಾಗದ ಓದಿದ್ದರ ಫಲ ಈಗ ಸಿಕ್ಕೇ ಸಿಗುತ್ತದೆ ಎಂದುಕೊಂಡು ಎಲ್ಲ ಕಡೆಯಿಂದ ಫೋಟೊ ತೆಗೆದೆ. ಆಯಿಯನ್ನು ದವಾಖಾನೆಗೆ ತೋರಿಸಿ, ಪಟ್ಟಿ ಕಟ್ಟಿಸಿ ಮನೆಗೆ ಕಳಿಸಿದೆ. ವಿಮೆಯ ಅರ್ಜಿಯಲ್ಲಿ ಗಾಡಿಯಲ್ಲಿ ಯಾರಿದ್ದರು ಎಂದು ಕೇಳಿದ ಕಡೆ, ಪರಿಚಯದ ಒಬ್ಬ ಹೆಂಗಸು ಎಂದು ಇದ್ದದ್ದು ಇದ್ದ ಹಾಗೆ ಬರೆದೆ.

ಕಂಪನಿ ಕಳಿಸಿದ ಸರ್ವೇಯರ್ ಮಿರಜ ಕಡೆಯವನು, ಮೆತ್ತಗಿನ ಮಾತಿನವನು, ಮರಾಠಿ ಮಾತ್ರ ಬಲ್ಲವನು. ಗ್ಯಾರೇಜಿನಲ್ಲಿ ಕಾರು ನೋಡಿ ಎಲ್ಲ ಸರಿ ಇದೆ ಎಂದ. ಜೊತೆಗಿದ್ದ ಹೆಂಗಸನ್ನೂ ಒಮ್ಮೆ ಕೇಳಿಬಿಡುತ್ತೇನೆ, ಪದ್ಧತಿ ಎಂದ. ಅವನ ಗಾಡಿಯಲ್ಲೇ ಊರ ಹೊರಗೆ ಹೊಲದ ನಡುವಿದ್ದ ಆಯಿಯ ವಸ್ತಿಗೆ ಹೋದೆವು. ಆಯಿ ಕಂಬಳಿ ಹಾಸಿ ಕೂರಿಸಿದಳು, ಚಹಾ ಕೊಟ್ಟಳು. ಅವನು ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಆಕೆ ಹೇಳಿದ್ದನ್ನು ಮರಾಠಿಯಲ್ಲಿ. ಬೈಕು ಎಲ್ಲಿಂದ ಬಂತು, ಯಾರು ಓಡಿಸುತ್ತಿದ್ದರು, ಎಲ್ಲ ಆಯಿತು. ಪುಸ್ತಕ ಮುಚ್ಚುವ ಮೊದಲು, ಈ ಬಾಯಾರು ನಿಮ್ಮನ್ನು ಹಾಗೇ ಕರೆದುಕೊಂಡು ಹೋಗುತ್ತಿದ್ದರೋ, ಪುಕ್ಕಟೆಯೋ ಎಂದು ಕೇಳಿದ.

ನಾನು ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ. ಅಲ್ಲಿಯವರೆಗೆ ಮರಾಠಿಯ ಒಂದು ಶಬ್ದ ಆಡದಿದ್ದ ಆಯಿ ಬೆನ್ನು ನೆಟ್ಟಗೆ ಮಾಡಿ, ಅವನಿಗೆ ಸ್ಪಷ್ಟ ತಿಳಿಯಲೆಂದು, "ಫುಕಟ್ ನಾಹೀ ಸಾಹೇಬ. ಭಾಡೆ ದೇಊನ್ ಬಸಲೆ ಮೀ" ಎಂದಳು. ಪುಕ್ಕಟೆ ಅಲ್ಲ, ಬಾಡಿಗೆ ಕೊಟ್ಟೇ ಕೂತಿದ್ದೇನೆ.

ಸರ್ವೇಯರ್ ನನ್ನ ಮುಖ ನೋಡಿದ. ಇಲ್ಲ, ಇಲ್ಲ, ಒಂದು ಪೈಸೆಯನ್ನೂ ತೆಗೆದುಕೊಂಡಿಲ್ಲ ಎಂದೆ. ಆಯಿ ನನಗಿಂತ ಜೋರಾಗಿ, ಪ್ರತಿ ಸಲವೂ ಕೊಟ್ಟಿದ್ದೇನೆ ಎಂದಳು. ತನ್ನವರ ಮಾನ ಉಳಿಯಬೇಕು, ಸರಕಾರಿ ಬಾಯಾರ ಹೆಗಲ ಮೇಲೆ ಕುರಿಯವರು ಸವಾರಿ ಮಾಡಿದರೆಂದು ಯಾರೂ ಅನ್ನಬಾರದು ಎಂಬುದು ಆಕೆಯ ಮುಖದಲ್ಲಿ ಕಾಣುತ್ತಿತ್ತು. ಅವನು ಬರೆದುಕೊಂಡ. ಮನುಷ್ಯ ಕೆಟ್ಟವನಲ್ಲ, ಕೇಳಿದ್ದನ್ನು ಬರೆಯುವುದು ಅವನ ಕೆಲಸ.

ಸ್ವಲ್ಪ ದಿನಕ್ಕೆ ಕಂಪನಿಯ ಉತ್ತರ ಬಂತು. ಗಾಡಿಯನ್ನು ಬಾಡಿಗೆಗೆ ಬಳಸಿದಂತೆ ಕಾಣುವುದರಿಂದ ಹಾನಿ ತುಂಬಿಕೊಡಲಾಗದು ಎಂದು. ಕಾರು ಗ್ಯಾರೇಜಿನ ಮೂಲೆಯಲ್ಲಿ ಬಾಯಿ ಒಡೆದುಕೊಂಡು ನಿಂತಿತ್ತು. ಕೈಯಿಂದ ಹಾಕಿ ರಿಪೇರಿ ಮಾಡಿಸುವುದು ನನ್ನ ಪಗಾರದಲ್ಲಿ ಆಗುವ ಮಾತಲ್ಲ. ನಾನು ಮತ್ತೆ ಬಸ್ಸು ಕಾಯತೊಡಗಿದೆ. ನೌಕರಿ ಬಸ್ಸಿನಲ್ಲೂ ನಡೆಯುತ್ತದೆ, ಮೊದಲೂ ನಡೆದಿತ್ತು. ನನಗೆ ಕಾರು ಬೇಕಾಗಿದ್ದದ್ದು ಸಂತೆಯ ದಿನದ ಆ ದಾರಿಗಾಗಿ. ಇದನ್ನು ಯಾವ ಕಚೇರಿಯಲ್ಲಿ ಹೇಳಿಕೊಳ್ಳುವುದು?

ಆದರೂ ಸಾಂಗಲಿಯ ಕಚೇರಿಗೆ ಹೋದೆ. ಒಬ್ಬ ಅಧಿಕಾರಿ ಕೂರಿಸಿ ಕೇಳಿದರು. ಚಿಲ್ಲರೆ ಬೇಡವೆಂದದ್ದನ್ನು, ಮಜ್ಜಿಗೆ, ಶೇಂಗಾ, ರೊಟ್ಟಿ ಎಲ್ಲವನ್ನೂ ಬಿಚ್ಚಿ ಹೇಳಿದೆ. ಅವರು ನಕ್ಕರು. "ಮಜ್ಜಿಗೆ ಬಾಡಿಗೆ ಆಗುವುದಿಲ್ಲ ಬಾಯಾರೇ" ಎಂದು ಮರಾಠಿಯಲ್ಲಿ ಅಂದು, ಆ ಅಜ್ಜಿ ಬಾಡಿಗೆ ಕೊಡದೆ ಪರಿಚಯದ ಮೇಲೆ ಕೂತಿದ್ದಳೆಂದು ವಕೀಲರ ಮುಂದೆ ಹೆಬ್ಬೆಟ್ಟು ಒತ್ತಿ ಕೊಟ್ಟರೆ ಮತ್ತೆ ನೋಡಬಹುದು ಎಂದರು. ಸುಳ್ಳು ಬರೆಸಿಕೊಳ್ಳಿ ಎನ್ನಲಿಲ್ಲ, ಇದ್ದದ್ದನ್ನೇ ಬರೆಸಿ ಎಂದರು.

ಬಸ್ಸಿಳಿದು ವಸ್ತಿಯವರೆಗೆ ನಡೆದುಕೊಂಡು ಹೋದೆ. ಆಯಿ ಮರಿಗಳಿಗೆ ತೊಪ್ಪಲು ಕಟ್ಟುತ್ತಿದ್ದಳು. ಕೈಯ ಊತ ಇಳಿದಿತ್ತು. ನನ್ನನ್ನು ಕಂಡು ಖುಷಿಯಾದಳು, ಗಾಡಿ ಎಲ್ಲಿ ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ನೀನಾಡಿದ ಒಂದು ಮಾತಿನಿಂದ ಕಾರು ಗ್ಯಾರೇಜಿನಲ್ಲೇ ಉಳಿದಿದೆ ಎಂದಾಗ ಆಕೆಯ ಮುಖ ಕಪ್ಪಿಟ್ಟಿತು.

"ನಾ ಖೊಟ್ಟಿ ಹೇಳಿಲ್ಲ ತಂಗಿ. ಕೊಟ್ಟೇ ಕುಂತೀನಿ."

"ಯಾವಾಗ ಕೊಟ್ಟಿ ಆಯಿ? ನಾ ಯಾವಾಗ ರೊಕ್ಕ ಮುಟ್ಟೀನಿ?"

"ರೊಕ್ಕ ಬ್ಯಾಡಂದಿ. ವಿಮಾ ಕೆಡತೈತಿ ಅಂದಿ. ಅದಕ್ಕ ಮಜ್ಜಿಗಿ ತಂದೀನಿ. ಶೇಂಗಾ ತಂದೀನಿ. ಒಂದ ಸಂತಿನೂ ತಪ್ಪಸಿಲ್ಲ ನಾ. ಅದು ಬಾಡಿಗಿ ಅಲ್ಲೇನು?"

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಬಿಸಿಲಲ್ಲಿ ನಡೆದು ಬಂದ ಆಯಾಸವೆಂದು ಆಕೆ ತಿಳಿದಿರಬೇಕು, ನೀರು ತಂದುಕೊಟ್ಟಳು. ಎಳ್ಳು ಹಚ್ಚಿದ ಆ ರೊಟ್ಟಿಯೂ ಬಾಡಿಗೆಯೇ ಆಗಿತ್ತೆ ಎಂದು ಕೇಳಬೇಕಾಗಿತ್ತು ನನಗೆ. ಕೇಳಿದರೆ ಅಳು ಬರುತ್ತದೆಂದು ಬೇರೆ ಮಾತು ಹೇಳಿದೆ.

"ನಾ ಅವನ್ನೆಲ್ಲ ನೀ ಪ್ರೀತಿಲೆ ತಂದೀಯಂತ ತಿಳಕೊಂಡಿದ್ದೆ ಆಯಿ."

"ಪ್ರೀತಿ ಇಲ್ಲಂತ ಯಾರಂದ್ರು?" ಆಕೆಗೆ ಸಿಟ್ಟೇ ಬಂತು. "ಪ್ರೀತಿ ಐತಿ ಅಂತ ಪುಕ್ಕಟ ಕುಂದ್ರಾಕ ಬರತೈತೇನು? ನಮ್ಮ ತಮ್ಮನ ಹೊಲದಾಗ ಕುರಿ ತರುಬಿದ್ರೂ ನಾವು ಜ್ವಾಳ ಎಣಿಸೇ ತಗೋತೀವಿ."

ಆಕೆಯ ಸೊಸೆ ಒಳಗಿಂದ ಇಣುಕಿ ನೋಡಿ ಹೋದಳು. ಕೊನೆಗೆ ಆಯಿ ಕೈ ಝಾಡಿಸಿಕೊಂಡು ಎದ್ದಳು.

"ನಡಿ, ಎಲ್ಲಿ ಒತ್ತಬೇಕು ಒತ್ತತೀನಿ. ನಿನ್ನ ಗಾಡಿ ಉಳೀಲಿ."

ಬಸ್ಸಿನಲ್ಲಿ ಜತ್ತಕ್ಕೆ ಬಂದೆವು. ತನ್ನ ಟಿಕೇಟು ತಾನೇ ತೆಗೆಸಿದಳು. ವಕೀಲರು ಬರೆದದ್ದನ್ನು ಓದಿ ಹೇಳಿದರು: ಈ ಪ್ರಯಾಣಕ್ಕೆ ನಾನು ಯಾವ ಬಾಡಿಗೆಯನ್ನೂ ಕೊಟ್ಟಿಲ್ಲ. ಆಯಿ ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. ನಾಲ್ಕು ಮಂದಿಯ ಮುಂದೆ ಯಾರೋ ತನ್ನನ್ನು ಬೈದಂತೆ ತಲೆ ಬಗ್ಗಿಸಿ ಕೇಳಿ, ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದ ಮೇಲೆ ಬೆರಳಿನ ಮಸಿಯನ್ನು ಗೋಡೆಗೆ ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಇನ್ನ ನಾ ನಿನ್ನ ಗಾಡ್ಯಾಗ ಕುಂದ್ರಂಗಿಲ್ಲ ತಂಗಿ. ಕೊಟ್ಟು ಕುಂತ್ರ ನಿನಗ ತ್ರಾಸ. ಕೊಡದ ಕುಂತ್ರ ನನಗ ತ್ರಾಸ."

ಸಿಟ್ಟಿನಿಂದ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ಜಗಳದಲ್ಲಿ ನಾನು ಸೋತವಳಲ್ಲ. ಆಕೆ ಶಾಂತವಾಗಿ, ಬಹಳ ಯೋಚಿಸಿ ಹೇಳಿದ್ದಳು.

ವಿಮೆ ಮಂಜೂರಾಯಿತು. ಕಾರು ಹೊಸ ಮುಖ ಹಾಕಿಕೊಂಡು ಬಂತು. ಏಜೆಂಟ್ ಪೇಢೆ ಕೇಳಿದ, ಕೊಟ್ಟೆ. ಮೈದುನನೂ ಫೋನ್ ಮಾಡಿ ಶಹಬ್ಬಾಸ್ ಅಂದ.

ಮೊದಲ ಸಂತೆಗೇ ದರಿಬಡಚಿಗೆ ಹೋದೆ. ಮರಳುವಾಗ ಆಯಿ ಬೇವಿನ ಕೆಳಗೆ ನಿಂತಿದ್ದಳು. ನಿಲ್ಲಿಸಿ ಗಾಜು ಇಳಿಸಿದೆ. ಹತ್ತಿರ ಬಂದು ಬಾಗಿಲ ಮೇಲೆ ಕೈ ಇಟ್ಟು, ಊಟ ಆಯಿತೇ ಎಂದು ಕೇಳಿದಳು, ಗಾಡಿ ಚಲೋ ಆಗಿದೆ ಎಂದಳು. ನಾನು ಹತ್ತು ಎನ್ನಲಿಲ್ಲ. ಎಂದಿದ್ದರೆ ಆಕೆಗೆ ಇಲ್ಲ ಎನ್ನುವ ಕಷ್ಟ ಬರುತ್ತಿತ್ತು. ಅಷ್ಟರಲ್ಲಿ ವಡಾಪ್ ಬಂತು. ಒಳಗೆ ಜಾಗವಿರಲಿಲ್ಲ, ಹಿಂದಿನ ಅಂಚಿನಲ್ಲಿ ರಸ್ತೆಗೆ ಮುಖ ಮಾಡಿ, ಕಾಲು ಇಳಿಬಿಟ್ಟು ಕೂತಳು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದಳು.

ಜೀಪಿನ ಹಿಂದೆ ನನ್ನ ಕಾರು. ಜೀಪು ಗುಂಡಿಗೆ ಹಾರಿದಾಗಲೆಲ್ಲ ನನ್ನ ಕಾಲು ಬ್ರೇಕಿಗೆ ಹೋಗುತ್ತಿತ್ತು, ಆಕೆ ಕಂಬಿ ಬಿಗಿಯಾಗಿ ಹಿಡಿಯುತ್ತಿದ್ದಳು. ಮುಂದೆ ಹಾಕಿಕೊಂಡು ಹೋಗಲು ರಸ್ತೆ ಖಾಲಿಯಿತ್ತು. ನಾನು ಹೋಗಲಿಲ್ಲ. ಆಕೆ ನನ್ನನ್ನೇ ನೋಡುತ್ತಿದ್ದಳು, ನಾನು ಆಕೆಯನ್ನು. ಜತ್ತ ಬರುವವರೆಗೆ ಇಬ್ಬರೂ ಎದುರುಬದುರು ಕೂತೇ ಬಂದೆವು.